ರಿಪೋರ್ಟ್ ನಾರ್ಮಲ್, ರಕ್ತ ನಿಲ್ಲುತ್ತಿಲ್ಲ

‘ಪಿಟಿ, ಎಪಿಟಿಟಿ ಎರಡೂ ನಾರ್ಮಲ್ ಅಂತೆ ಕಣ್ರೀ. ಅವಳಿಗೆ ಏನೂ ಇಲ್ಲವಂತೆ.’ ಲ್ಯಾಬೊಂದರ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ತಾಯಿ ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದರು. ಮಗಳಿಗೆ ಮುಟ್ಟು ಹತ್ತು ದಿನವಾದರೂ ನಿಲ್ಲುವುದಿಲ್ಲ ಎಂಬುದೂ ಕಿವಿಗೆ ಬಿತ್ತು. ಅಂದಿನಿಂದ ಆ ಮಾತು ಕೊರೆಯುತ್ತಿದೆ. ಪಿಟಿ, ಎಪಿಟಿಟಿ ಎಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪರೀಕ್ಷೆಗಳು. ಅವು ನಾರ್ಮಲ್ ಅಂದರೆ ಏನೂ ಇಲ್ಲವೆಂದೇ?

ಲ್ಯಾಬಿನ ನಳಿಕೆ ಒಂದು ಹೇಳಿದರೆ ಮೈ ಇನ್ನೊಂದು ಹೇಳುವುದುಂಟು ಎಂಬುದಕ್ಕೆ ಜಾನ್ ಹೇಗ್‌ಮನ್ನನ ಕಥೆ ಇದೆ. ಆತ ಅಮೆರಿಕದ ರೈಲ್ವೆ ನೌಕರ. ಶಸ್ತ್ರಚಿಕಿತ್ಸೆಗೆ ಮುಂಚೆ ವಾಡಿಕೆಯಂತೆ ತೆಗೆದ ರಕ್ತ ಗಾಜಿನ ನಳಿಕೆಯಲ್ಲಿ ಎಷ್ಟು ಹೊತ್ತಾದರೂ ಹೆಪ್ಪುಗಟ್ಟಲೊಲ್ಲದು. ಮನುಷ್ಯನಿಗೋ ರಕ್ತಸ್ರಾವದ ಕಾಯಿಲೆಯ ಯಾವ ಲಕ್ಷಣವೂ ಇರಲಿಲ್ಲ! ಕ್ಲೀವ್‌ಲೆಂಡಿನ ವೈದ್ಯ ಆಸ್ಕರ್ ರಾಟ್ನಾಫ್ 1955ರಲ್ಲಿ ಇದನ್ನು ಪ್ರಕಟಿಸಿದರು. ಅವನಲ್ಲಿ ಇಲ್ಲದ್ದು ನಾವೀಗ 12ನೇ ಫ್ಯಾಕ್ಟರ್ ಎನ್ನುವ ಪ್ರೋಟೀನು. ಗಾಜು ಸೋಕಿದರೆ ಕೆರಳುವಂಥದ್ದು. ಮೈಯೊಳಗೆ ಗಾಜೆಲ್ಲಿದೆ? ಅಲ್ಲಿ ಗಾಯಗೊಂಡ ಜಾಗದ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನೇ ಕೆಲಸ ಶುರುಮಾಡುತ್ತದೆ. 1968ರಲ್ಲಿ ಸೊಂಟದ ಮೂಳೆ ಮುರಿದುಕೊಂಡ ಹೇಗ್‌ಮನ್ ತೀರಿಕೊಂಡದ್ದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹೆಪ್ಪಿನಿಂದ.

13ನೇ ಫ್ಯಾಕ್ಟರ್ ಕೊರತೆಯದು ತದ್ವಿರುದ್ಧ ಕಥೆ. ಕೂಸಿನ ಹೊಕ್ಕುಳಬಳ್ಳಿಯ ಜಾಗದಲ್ಲಿ ರಕ್ತ ಒಸರುತ್ತಲೇ ಇರುತ್ತದೆ. ಪಿಟಿ, ಎಪಿಟಿಟಿ ಎರಡೂ ಸರಿಯಾಗಿರುತ್ತವೆ. ಹೆಪ್ಪು ಮೂಡಿದ ಕ್ಷಣಕ್ಕೆ ಆ ಪರೀಕ್ಷೆಗಳ ಗಡಿಯಾರ ನಿಲ್ಲುತ್ತದೆ. 13ನೆಯದರ ಕೆಲಸ ಆಮೇಲಿನದು, ಹೆಪ್ಪಿನ ಬಲೆಯಾದ ಫೈಬ್ರಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು. ಹೆಪ್ಪನ್ನು ಯೂರಿಯಾ ದ್ರಾವಣದಲ್ಲಿ ಇಟ್ಟು ನೋಡಬೇಕು. ಆರೋಗ್ಯವಂತರದು ಮಾರನೆಯ ದಿನವೂ ಹಾಗೇ ಇರುತ್ತದೆ, ಈ ಕೊರತೆ ಇರುವವರದು ಕರಗಿ ಹೋಗಿರುತ್ತದೆ.

ಇಲ್ಲಿಗೆ ಬರುವಾಗ ನನ್ನ ಪ್ರಶ್ನೆಯೇ ಬದಲಾಗಿದೆ. ಬೆಂಚಿನ ಮೇಲಿದ್ದ ತಾಯಿಯ ಮಗಳ ರಕ್ತ ತೆಗೆಯುವ ಮುಂಚೆ ಅವಳನ್ನು ಯಾರಾದರೂ ಏನಾದರೂ ಕೇಳಿದ್ದರೇ? ಲ್ಯಾಬಿನ ಫಾರ್ಮಿನಲ್ಲಿ ಹೆಸರು, ವಯಸ್ಸು, ಡಾಕ್ಟರ ಹೆಸರಿಗೆ ಜಾಗವಿದೆ. ಹಲ್ಲು ಕೀಳಿಸಿದಾಗ ರಕ್ತ ಎಷ್ಟು ಹೊತ್ತು ಹೋಯಿತು, ಹೆರಿಗೆಯಲ್ಲಿ ಅಮ್ಮನಿಗೆ ಏನಾಯಿತು, ಇವನ್ನು ಬರೆಯಲು ಒಂದು ಸಾಲಿಲ್ಲ. ಆ ಫಾರ್ಮು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಇಂಥದ್ದನ್ನು ಕೇಳಿದ್ದರು. ಫಿನ್‌ಲೆಂಡಿನ ಆಲಂಡ್ ದ್ವೀಪಗಳಿಂದ 1924ರಲ್ಲಿ ಅವರ ಬಳಿ ಬಂದ ಹ್ಯೋರ್ಡಿಸ್ ಎಂಬ ಹುಡುಗಿಗೆ ಐದು ವರ್ಷ. ಅವಳ ಬಂಧುಬಳಗದ 66 ಜನರ ವಿವರ ಕಲೆಹಾಕಿದರೆ 23 ಮಂದಿಗೆ ರಕ್ತಸ್ರಾವದ ತೊಂದರೆ. ಹಿಮೋಫಿಲಿಯಾದಂತೆ ಗಂಡಸರಿಗಷ್ಟೇ ಅಲ್ಲ, ಹೆಂಗಸರಿಗೂ. 1926ರ ಅವರ ಪ್ರಬಂಧ ನಿಂತಿರುವುದೇ ಈ ವಿಚಾರಣೆಯ ಮೇಲೆ. ಹ್ಯೋರ್ಡಿಸ್ 13ನೇ ವಯಸ್ಸಿನಲ್ಲಿ, ನಾಲ್ಕನೇ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು.

ಆ ಬಳಗದಲ್ಲಿ ಕೊರತೆಯಿದ್ದ ಪ್ರೋಟೀನಿಗೆ ಅವರ ಹೆಸರೇ ಇದೆ. ಈಗ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರಿನ ಪ್ರಮಾಣವನ್ನೂ ಅದರ ಕೆಲಸವನ್ನೂ ಅಳೆಯಬಹುದು. ಕೊರತೆ ಸೌಮ್ಯವಾಗಿದ್ದರೆ ಪಿಟಿ, ಎಪಿಟಿಟಿ ಎರಡೂ ನಾರ್ಮಲ್ ಬರುವುದುಂಟು. ಕಾಯಿಲೆ, ಬಸಿರು, ಗಾಬರಿ ಇದ್ದಾಗ ಆ ಪ್ರಮಾಣ ಏರುವುದರಿಂದ ಒಮ್ಮೆ ಸರಿ ಬಂದರೂ ಇನ್ನೊಮ್ಮೆ ನೋಡಬೇಕು. ವಾರ ದಾಟಿದರೂ ಮುಟ್ಟು ನಿಲ್ಲದ ಹುಡುಗಿಯರ ತಾಯಂದಿರು ಈ ಪರೀಕ್ಷೆಯನ್ನು ಹೆಸರು ಹಿಡಿದೇ ಡಾಕ್ಟರ ಹತ್ತಿರ ಕೇಳಲಿ.