ಮಗಳೂ ಅಂಕಣಕ್ಕಿಳಿಯಲಿ

ನಮ್ಮ ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಕಬಡ್ಡಿಯೆಂದರೆ ಎಲ್ಲರಿಗೂ ಹಿಗ್ಗು. ಆದರೆ ಮಗಳು ಋತುಮತಿಯಾದೊಡನೆ ‘ಇನ್ನು ಆಟ ಸಾಕು’ ಎನ್ನುತ್ತೇವೆ. ಎಲುಬುಗಳು ಬಲಿಯುವ ವಯಸ್ಸೇ ಅದು. ಓಟ, ಜಿಗಿತ, ಸೆಣಸಾಟಗಳಿಂದಲೇ ಅವು ಗಟ್ಟಿಗೊಳ್ಳುತ್ತವೆ. 5ರಿಂದ 17 ವರ್ಷದವರಿಗೆ ನಿತ್ಯ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಯ ಮೊದಲ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ನಾಡಿನ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇದ್ದರು.

ಗಾಯದ ಭಯ ಸಹಜ. ಹದವಾದ ಮಣ್ಣಿನ ಅಂಕಣ, ಬಲ್ಲ ತರಬೇತುದಾರರು, ರೊಟ್ಟಿಯೊಡನೆ ಕಾಳುಪಲ್ಯ ಇದ್ದರೆ ಆ ಭಯ ತಗ್ಗುತ್ತದೆ. ಮುಟ್ಟಿನ ದಿನಗಳಲ್ಲಿ ಆಡುವುದು, ಬಿಡುವುದು ಅವಳ ಇಚ್ಛೆ. ರಜಸ್ಸೂತಕವನ್ನು ಶರಣರು 12ನೆಯ ಶತಮಾನದಲ್ಲಿಯೇ ಅಲ್ಲಗಳೆದರು. ಅದನ್ನೇ ನೆವವಾಗಿಸಿ ನಾವು ಮಗಳನ್ನು ಹೊಸ್ತಿಲೊಳಗೆ ಕೂಡಿಸುವುದು ತರವೇ?