ಲೈಕಿಗೆ ದ್ರಾಕ್ಷಿ ಖಾಲಿಯಾಗುತ್ತಾ?

2020ರ ಲಾಕ್‌ಡೌನಿನಲ್ಲಿ ಮಾರುಕಟ್ಟೆ ಕೈಕೊಟ್ಟಾಗ ಕರ್ನಾಟಕದ ಎಷ್ಟೋ ರೈತರು ವಾಟ್ಸಪ್, ಫೇಸ್‌ಬುಕ್ಕಿನಲ್ಲಿ ಗಿರಾಕಿ ಹುಡುಕಿದರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನೇರ ಹಣ್ಣು ಮುಟ್ಟಿಸಿದರು. ದೇವನಹಳ್ಳಿ, ದೊಡ್ಡಬಳ್ಳಾಪುರದ ನಮಗೆ ಈ ದಾರಿ ಈಗಲೂ ಹತ್ತಿರದ್ದೇ.

ಆದರೆ ನಾವು ಮಾಡ್ತಿರೋದೇನು? ಗೊಂಚಲಿನ ಫೋಟೋ ಸ್ಟೇಟಸ್ಸಿಗೆ ಹಾಕಿ, ಎಷ್ಟು ಜನ ನೋಡಿದ್ರು ಅಂತ ಎಣಿಸೋದು. 24 ಗಂಟೆಯಲ್ಲಿ ಫೋಟೋ ಮಾಯ. ನೋಡಿದವರೆಲ್ಲ ಕೊಳ್ಳೋರಲ್ಲ.

ನನ್ನ ಪ್ರಕಾರ, ಉತ್ತರ ತರುವ ಸೌಲಭ್ಯಗಳನ್ನೇ ಬಳಸಬೇಕು. ಗಿರಾಕಿಗಳದ್ದೊಂದು ಗುಂಪು ಮಾಡಿ. ಕೊಯ್ಲಿಗೆ ಎರಡು ದಿನ ಮೊದಲೇ ಅದರಲ್ಲಿ ‘ಪೋಲ್’ ಹಾಕಿ ಕೇಳಿ: 2 ಕಿಲೋನಾ, 5 ಕಿಲೋನಾ? ಬಂದ ಲೆಕ್ಕದಷ್ಟನ್ನು ಅವರಿಗೆ ತೆಗೆದಿಡಿ, ಮಿಕ್ಕಿದ್ದು ಮಂಡಿಗೆ. ಬ್ರಾಡ್‌ಕಾಸ್ಟ್ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. ಹಾಗಾಗಿ ಪ್ರತಿ ಬುಟ್ಟಿಯಲ್ಲೂ ನಂಬರಿನ ಚೀಟಿ ಇಡಿ. ವಾಟ್ಸಪ್ ಬಿಸಿನೆಸ್ಸಿನ ಕ್ಯಾಟಲಾಗಿನಲ್ಲಿ ತೂಕ, ದರ ಬರೆಯಿರಿ. ದರವಿಲ್ಲದ ಫೋಟೋ ಬರೀ ಪ್ರದರ್ಶನ.

ಬೆಂಗಳೂರು ನೀಲಿ ದ್ರಾಕ್ಷಿಗೆ, ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೆಸರೇನೋ ಸಿಕ್ಕಿತು. ದ್ರಾಕ್ಷಿಯಲ್ಲಿ ಬೀಜ ಇರುತ್ತೆ, ಸ್ವಲ್ಪ ಹುಳಿ ಅನ್ನೋದನ್ನೂ ಮೊದಲೇ ಹೇಳಿಬಿಡಿ. ನಿಜ ಕೇಳಿ ಕೊಂಡವರು ಮುಂದಿನ ಬೆಳೆಗೂ ಬರ್ತಾರೆ. ಲೈಕು ಒತ್ತಿದವರ ವಿಷಯದಲ್ಲಿ ಈ ಮಾತು ಹೇಳೋಕಾಗಲ್ಲ.