ಒಂದು ಅಂಕೆಗೆ ಎರಡು ಕೆಲಸ

ಪಂಚತಂತ್ರದ ಮೊಲವು ಸಿಂಹಕ್ಕೆ ಬಾವಿಯ ನೀರಿನಲ್ಲಿ ಅದರ ನೆರಳನ್ನೇ ತೋರಿಸಿ ಕೊಂದ ಕಥೆಯನ್ನು ಕೇಳದ ಮಗುವಿಲ್ಲ. ಆ ಕಥೆಯನ್ನು ಅಂಕೆಗಳಲ್ಲಿ ಬರೆಯಬೇಕಾಗಿ ಬಂದರೆ ಏನು ಮಾಡುವುದು? ಸಿಂಹಕ್ಕೆ ನೂರು, ಮೊಲಕ್ಕೆ ಹತ್ತು ಎಂದು ಬರೆದು ಲೆಕ್ಕ ಮುಗಿಸಿದರೆ ಪ್ರತಿದಿನವೂ ಸಿಂಹವೇ ಗೆಲ್ಲುವುದು, ಕಥೆಯೇ ಹುಟ್ಟಲಾರದು. ಮೈಬಲಕ್ಕೆ ಒಂದಂಕೆಯಾದರೆ ಬುದ್ಧಿಗೆ ಇನ್ನೊಂದು ಬೇಕು. ಇಷ್ಟು ಸರಳವಾದ ಮಾತನ್ನು ಜಪಾನಿನ ಒಂದು ಆಟವು ಪೂರ್ತಿಯಾಗಿ ಆಚರಣೆಗೆ ತರಲು ಹತ್ತು ವರ್ಷ ಹಿಡಿಯಿತು.

ಪೋಕೆಮಾನ್ ಎಂಬ ಆ ಆಟ ಜಪಾನಿನಲ್ಲಿ ಹೊರಬಂದದ್ದು 1996ರ ಫೆಬ್ರವರಿಯಲ್ಲಿ. ಅದನ್ನು ಕಲ್ಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದವರು. ಕೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರದೊಳಗೆ 151 ಕಲ್ಪಿತ ಪ್ರಾಣಿಗಳು ಬಂದವು. ಹುಡುಗರು ಅವನ್ನು ಹಿಡಿದು, ಸಾಕಿ, ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಕಾಳಗಕ್ಕೆ ಬಿಡುತ್ತಿದ್ದರು. ಪ್ರಾಣಬಲ, ಆಕ್ರಮಣ, ರಕ್ಷಣೆ, ವೇಗ, ವಿಶೇಷ ಶಕ್ತಿ ಎಂದು ಪ್ರತಿಯೊಂದು ಪ್ರಾಣಿಗೂ ಹುಟ್ಟಿನಿಂದಲೇ ಐದು ಅಂಕೆಗಳು. ಹೊಡೆಯುವವನ ಆಕ್ರಮಣವನ್ನು ತಿನ್ನುವವನ ರಕ್ಷಣೆಯಿಂದ ಭಾಗಿಸಬೇಕು. ಭಾಗಲಬ್ಧ ದೊಡ್ಡದಾದಷ್ಟೂ ಗಾಯವೂ ದೊಡ್ಡದು. ಬೆಂಕಿ, ನೀರು, ಮಿಂಚು, ಮನೋಬಲ ಮೊದಲಾದ ಪೆಟ್ಟುಗಳಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಹೊಡೆಯುವುದಕ್ಕೂ ತಡೆಯುವುದಕ್ಕೂ ‘ವಿಶೇಷ ಶಕ್ತಿ’ಯೆಂಬ ಒಂದೇ ಅಂಕೆ.

ತೊಡಕು ಹುಟ್ಟಿದ್ದು ಅಲ್ಲಿ. ಒಂದೇ ಅಂಕೆ ಕತ್ತಿಯೂ ಗುರಾಣಿಯೂ ಆದ ಮೇಲೆ, ಆ ಅಂಕೆ ಹೆಚ್ಚಾಗಿರುವವನನ್ನು ಹಿಡಿಯುವವರು ಯಾರು? ಅಲಕಜಾಮ್ ಎಂಬ ಪ್ರಾಣಿಯ ವಿಶೇಷ ಶಕ್ತಿ 135. ವೇಗವೂ 120. ವೇಗಕ್ಕೂ ಗುಟ್ಟಾಗಿ ಎರಡನೆಯ ಕೆಲಸವೊಂದಿತ್ತು. ಯಾರ ಪೆಟ್ಟು ಮೊದಲು ಎಂಬುದನ್ನು ಅದು ತೀರ್ಮಾನಿಸುತ್ತಿತ್ತು. ಜೊತೆಗೆ, ಪೆಟ್ಟು ಮರ್ಮಕ್ಕೆ ತಾಗುವ ಸಂಭವವನ್ನೂ ಹುಟ್ಟಿನ ವೇಗವನ್ನು 512ರಿಂದ ಭಾಗಿಸಿಯೇ ಪಡೆಯುತ್ತಿದ್ದರು. ಅಲಕಜಾಮಿಗೆ ನೂರಕ್ಕೆ 23 ಬಾರಿ ಆ ಭಾಗ್ಯ. ವೇಗ 30 ಇದ್ದ ಸ್ಥೂಲಕಾಯದ ಸ್ನಾರ್ಲ್ಯಾಕ್ಸಿಗೆ ಆರು ಬಾರಿಯೂ ಇಲ್ಲ. ಉಳ್ಳವನಿಗೇ ಮತ್ತೆ ಮತ್ತೆ ಬಡಿಸಿದಂತಾಯಿತು. ತಿಂಗಳುಗಟ್ಟಲೆ ಅಕ್ಕರೆಯಿಂದ ಬೆಳೆಸಿದ ಪ್ರಾಣಿ ಒಂದೆರಡು ಪೆಟ್ಟಿಗೇ ಉರುಳುವುದನ್ನು ಕಂಡ ಹುಡುಗನು ಮರುದಿನ ಅದನ್ನು ಮೂಲೆಗಿಟ್ಟು, ಎಲ್ಲರೂ ತರುವ ಪ್ರಾಣಿಯನ್ನೇ ತಾನೂ ತರುವನು. 151 ಬಗೆಯ ಪ್ರಾಣಿಗಳಿದ್ದೂ ಕಾಳಗಕ್ಕೆ ಇಳಿಯುವವು ಬೆರಳೆಣಿಕೆಯಷ್ಟಾದರೆ ಆಟದ ಸೊಗಸೆಲ್ಲಿ ಉಳಿಯಿತು?

1999ರಲ್ಲಿ ಹೊರಬಂದ ಮುಂದಿನ ಆಟಗಳಲ್ಲಿ ಈ ಅಂಕೆಯನ್ನು ಎರಡಾಗಿ ಸೀಳಿದರು. ಅಲಕಜಾಮಿನ ವಿಶೇಷ ಆಕ್ರಮಣ 135 ಆಗಿಯೇ ಉಳಿಯಿತು. ವಿಶೇಷ ರಕ್ಷಣೆ 85ಕ್ಕೆ ಇಳಿಯಿತು. ಮರ್ಮಾಘಾತದ ಸಂಭವವನ್ನು ವೇಗದಿಂದ ಬಿಡಿಸಿ, ಎಲ್ಲರಿಗೂ ಸುಮಾರು ಹದಿನಾರಕ್ಕೆ ಒಂದೆಂದು ಗೊತ್ತುಮಾಡಿದರು. ಮನೋಬಲದ ಪೆಟ್ಟು ಸೋಂಕದಂತಹ ‘ಕತ್ತಲೆ’ಯ ವರ್ಗವನ್ನೂ ಹೊಸದಾಗಿ ಸೇರಿಸಿದರು.

ಆದರೆ ಒಂದು ಕಡೆ ತಿದ್ದಿದ ಲೆಕ್ಕ ಇನ್ನೊಂದು ಕಡೆ ಕೆಟ್ಟಿತು. ಈ ಆಟದಲ್ಲಿ ಮ್ಯಾಜಿಕಾರ್ಪ್ ಎಂಬ ಮೀನೊಂದಿದೆ. ಬಹುಕಾಲ ಒದ್ದಾಡುವುದರ ಹೊರತು ಅದಕ್ಕೆ ಬೇರೆ ವಿದ್ಯೆ ತಿಳಿಯದು. ತಾಳ್ಮೆಯಿಂದ ಅದನ್ನು 20ನೆಯ ಮಟ್ಟದವರೆಗೆ ಬೆಳೆಸಿದವನಿಗೆ ಅದು ಗ್ಯಾರಡಾಸ್ ಎಂಬ ಭಯಂಕರ ಜಲಸರ್ಪವಾಗಿ ಒಲಿಯುತ್ತದೆ. ಜಲಪಾತವನ್ನೇರಿದ ಮೀನು ಮಹಾಸರ್ಪವಾಗುವ ಚೀನೀ ಐತಿಹ್ಯವನ್ನು ನೆನಪಿಸುವ ಕಲ್ಪನೆ ಇದು. ಗ್ಯಾರಡಾಸಿನ ಆಕ್ರಮಣ 125. ಹೊಸ ವಿಂಗಡಣೆಯಲ್ಲಿ ಅದಕ್ಕೆ ಬಂದ ವಿಶೇಷ ಆಕ್ರಮಣ ಬರಿಯ 60. ಮೊದಲ ಆಟದಲ್ಲಿ ‘ಕಚ್ಚುವುದು’ ಸಾಮಾನ್ಯ ವರ್ಗದ ಪೆಟ್ಟಾಗಿ 125ರ ಲೆಕ್ಕಕ್ಕೆ ಸೇರುತ್ತಿತ್ತು. 1999ರಲ್ಲಿ ಅದನ್ನು ಕತ್ತಲೆಯ ವರ್ಗಕ್ಕೆ ವರ್ಗಾಯಿಸಿದರು. ಆ ವರ್ಗದ ಪೆಟ್ಟುಗಳೆಲ್ಲ ‘ವಿಶೇಷ’ವೆಂಬುದು ನಿಯಮ. ಹೀಗೆ, ಹಲ್ಲಿನಿಂದ ಕಚ್ಚಿದರೂ ಲೆಕ್ಕಕ್ಕೆ ಬಂದದ್ದು ಹಲ್ಲಿನ ಬಲವಲ್ಲ! ಅದೇ ವರ್ಷ ಹುಟ್ಟಿದ ಸ್ನೀಸಲ್ ಎಂಬ ಚೂಪುಗುರಿನ ಪ್ರಾಣಿಯ ಪಾಡು ಇನ್ನೂ ಶೋಚನೀಯ. ಅದು ಕತ್ತಲೆ ಮತ್ತು ಹಿಮ ಎರಡೂ ವರ್ಗಗಳಿಗೆ ಸೇರಿದ್ದು. ಆಕ್ರಮಣ 95 ಇದ್ದರೂ ತನ್ನ ವರ್ಗದ ಪೆಟ್ಟುಗಳಲ್ಲಿ ಬಹುಪಾಲಿಗೆ 35ರ ವಿಶೇಷ ಆಕ್ರಮಣವೇ ಗತಿ. ಪೆಟ್ಟನ್ನು ಅದರ ಕುಲದಿಂದ ಅಳೆದರೇ ಹೊರತು ಗುಣದಿಂದ ಅಳೆಯಲಿಲ್ಲ.

ಈ ದೋಷ ಕಳೆದದ್ದು 2006ರಲ್ಲಿ, ‘ಡೈಮಂಡ್’ ಮತ್ತು ‘ಪರ್ಲ್’ ಎಂಬ ಆಟಗಳಲ್ಲಿ. ಅಲ್ಲಿಂದ ಮುಂದೆ ವರ್ಗವನ್ನು ನೋಡದೆ ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ಕಚ್ಚುವುದು, ಗುದ್ದುವುದು ಮೈಬಲದ ಲೆಕ್ಕಕ್ಕೆ. ಉಗುಳಿದ ಜ್ವಾಲೆ, ಎಬ್ಬಿಸಿದ ತೆರೆ ವಿಶೇಷ ಬಲದ ಲೆಕ್ಕಕ್ಕೆ. ಗ್ಯಾರಡಾಸಿನ 125 ಹಾಗೆಯೇ ಇತ್ತು, 60ರಲ್ಲೂ ಬದಲಾವಣೆಯಿಲ್ಲ. ಅದರ ಒಂದಂಕೆಯನ್ನೂ ತಿದ್ದದೆ ಅದಕ್ಕೆ ಅದರ ಹಲ್ಲುಗಳನ್ನು ಮರಳಿ ಕೊಟ್ಟಂತಾಯಿತು. ಇದೇ ಆಟಗಳ ಮೂಲಕ ಅಂತರಜಾಲದಲ್ಲಿ ದೂರದೇಶದ ಅಪರಿಚಿತರೊಡನೆಯೂ ಕಾಳಗವಾಡುವ ಅನುಕೂಲ ಒದಗಿತು. ಪಕ್ಕದಲ್ಲಿ ಕುಳಿತ ಗೆಳೆಯನೊಡನೆ ‘ಅದನ್ನು ಇವತ್ತು ತರಬೇಡ’ ಎಂದು ಒಪ್ಪಂದ ಮಾಡಿಕೊಳ್ಳಬಹುದು; ಮುಖ ಕಾಣದವನೊಡನೆ ನಿಯಮವೊಂದೇ ಮಧ್ಯಸ್ಥ. ಆಗಿನ ಅಂತರಜಾಲ ಸೇವೆ 2014ರಲ್ಲಿ ನಿಂತಿತು. ಪೆಟ್ಟನ್ನು ಅದರ ಗುಣದಿಂದ ಅಳೆಯುವ ನಿಯಮ ಮುಂದಿನ ಆಟಗಳಲ್ಲಿಯೂ ಉಳಿದು ಬಂದಿದೆ.

ಸೋಲುವವನ ಅಂಕೆಯನ್ನು ಏರಿಸಿ ಗೆಲ್ಲುವವನದನ್ನು ಇಳಿಸುವುದು ಸುಲಭದ ಚಿಕಿತ್ಸೆ. ಅಷ್ಟರಿಂದ ಸಿಂಹಾಸನದಲ್ಲಿ ಕುಳಿತವನು ಬದಲಾಗುವನು, ಸಿಂಹಾಸನ ಹಾಗೆಯೇ ಇರುವುದು. ಈ ಅಂಕೆ ಅಳೆಯುವುದೇನನ್ನು, ಅದನ್ನು ಎಲ್ಲೆಲ್ಲಿ ವೆಚ್ಚಮಾಡುತ್ತಿದ್ದೇವೆ ಎಂದು ಮೊದಲು ಕೇಳುವುದು ಕಷ್ಟದ ದಾರಿ. ರೋಗದ ಬೇರು ಸಿಕ್ಕುವುದು ಆ ದಾರಿಯಲ್ಲಿಯೇ. ವರ್ಷಕ್ಕೊಮ್ಮೆ ಮನೆಗೆ ಬರುವ ಮಕ್ಕಳ ಅಂಕಪಟ್ಟಿಯ ಕೊನೆಯ ಸಾಲಿನಲ್ಲಿ ಒಂದು ಮೊತ್ತವಿರುತ್ತದೆ. ಜ್ಞಾಪಕಶಕ್ತಿ, ಬರೆಯುವ ವೇಗ, ಪರೀಕ್ಷೆಯ ದಿನದ ಧೈರ್ಯ ಎಲ್ಲವೂ ಆ ಒಂದೇ ಅಂಕೆಯೊಳಗೆ ಬೆರೆತಿರುತ್ತವೆ. ಆ ಮೊತ್ತವನ್ನು ಕಂಡು ಹುಬ್ಬು ಗಂಟಿಕ್ಕುವ ಮುನ್ನ, ಮಗುವಿನ ಹಲ್ಲಿನ ಬಲ ಯಾವ ಲೆಕ್ಕಕ್ಕೆ ಸೇರಿಹೋಗಿದೆಯೆಂದು ಹಿರಿಯರು ಒಮ್ಮೆ ವಿಚಾರಿಸಬಹುದು.